ರಂಜಿನಿ ಲಾಕ್ ಮಾಡದೆ ಎದ್ದ ದಿನ

ನಮ್ಮ ಪಕ್ಕದ ಮನೆಯ ಜಯದೇವಿಯವರು ವಿಜಯನಗರದ ಒಂದು ಸಣ್ಣ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹತ್ತೊಂಬತ್ತು ವರ್ಷ ರಿಪೋರ್ಟ್ ಟೈಪ್ ಮಾಡಿದವರು. ಬಸವೇಶ್ವರನಗರದ ನಮ್ಮ ಬೀದಿಯಿಂದ ಬೆಳಿಗ್ಗೆ ಎಂಟೂವರೆಗೆ ಹೊರಡುತ್ತಿದ್ದರು. ಹಣೆಯಲ್ಲಿ ವಿಭೂತಿ, ಹೆಗಲಿಗೆ ಊಟದ ಚೀಲ, ಕೈಯಲ್ಲಿ ಬಿಸಿಲಿಗೂ ಮಳೆಗೂ ಒಂದೇ ಕೊಡೆ. ಗಂಡ ಪಂಚಾಕ್ಷರಿ ಹೈಸ್ಕೂಲ್ ಮೇಷ್ಟರಾಗಿ ನಿವೃತ್ತರಾದವರು. ಮಗಳು ಮದುವೆಯಾಗಿ ತುಮಕೂರಿನಲ್ಲಿದ್ದಾಳೆ. ಹೊರಗಿನಿಂದ ನೋಡಿದರೆ ವಿಶೇಷವೇನೂ ಇಲ್ಲದ ಬದುಕು. ಆದರೆ ಅವರಿಗೊಂದು ಕುರ್ಚಿ ಇತ್ತು.

ಆ ಕುರ್ಚಿ ಇದ್ದದ್ದು ಸ್ಕ್ಯಾನ್ ಮಾಡುವ ಕೋಣೆಯೊಳಗೆ, ಡಾಕ್ಟರ ಪಕ್ಕದಲ್ಲಿ. ಪರದೆ ಎಳೆದ, ಸದಾ ಮಬ್ಬಾಗಿರುವ ಕೋಣೆ. ಡಾಕ್ಟರ್ ಯೋಗಾನಂದ ರೋಗಿಯ ಹೊಟ್ಟೆಯ ಮೇಲೆ ಯಂತ್ರದ ಹಿಡಿ ಆಡಿಸುತ್ತಾ, ಕಂಡದ್ದನ್ನು ಮೆಲುದನಿಯಲ್ಲಿ ಹೇಳುತ್ತಾ ಹೋಗುತ್ತಿದ್ದರು. ಜಯದೇವಿ ಟೈಪ್ ಮಾಡುತ್ತಾ ಹೋಗುತ್ತಿದ್ದರು. ವರ್ಷಗಳು ಕಳೆದಂತೆ ಡಾಕ್ಟರು ವಾಕ್ಯ ಮುಗಿಸುವುದನ್ನೇ ಬಿಟ್ಟರು. “ಲಿವರ್…” ಎಂದು ಸುಮ್ಮನಾದರೆ ಸಾಕು, ಉಳಿದದ್ದು ಕಂಪ್ಯೂಟರಿನ ಪರದೆಯ ಮೇಲೆ ಬಂದಿರುತ್ತಿತ್ತು. ಗರ್ಭಿಣಿಯರು ಹೆದರಿದರೆ ಡಾಕ್ಟರು, “ಜಯದೇವಿ, ಸ್ವಲ್ಪ ಮಾತಾಡ್ಸಿ” ಎನ್ನುತ್ತಿದ್ದರು. ಪ್ರಿಂಟ್ ತೆಗೆದ ಮೇಲೆ ಪ್ರತಿ ಸಾಲಿನ ಕೆಳಗೂ ಪೆನ್ನಿನ ತುದಿ ಓಡಿಸಿ, ಓದಿ, ಸಹಿ ಹಾಕುತ್ತಿದ್ದರು. ಹಾಗೆ ಓದುವುದನ್ನು ಜಯದೇವಿ ತಮಗೆ ಸಿಗುವ ಮರ್ಯಾದೆ ಎಂದೇ ತಿಳಿದಿದ್ದರು. ತಾನು ಬರೆದದ್ದನ್ನು ಒಬ್ಬ ದೊಡ್ಡ ಡಾಕ್ಟರು ಅಷ್ಟು ಮುತುವರ್ಜಿಯಿಂದ ಓದುತ್ತಾರಲ್ಲ ಎಂದು ಮನೆಯಲ್ಲೂ ಹೇಳಿಕೊಂಡಿದ್ದರು.

ಎರಡು ವರ್ಷದ ಹಿಂದೆ ಸೆಂಟರಿಗೆ ಹೊಸ ಸಾಫ್ಟ್‌ವೇರ್ ಬಂತು. ಅದರ ಹಿಂದೆಯೇ ಕೆಂಗೇರಿಯಿಂದ ರಂಜಿನಿ ಎನ್ನುವ ಹುಡುಗಿ ಬಂದಳು. ಇಪ್ಪತ್ತೈದರ ವಯಸ್ಸು, ಡಿಪ್ಲೊಮಾ ಓದಿದ್ದಳು, ಬೆರಳುಗಳು ಕೀಲಿಗಳ ಮೇಲೆ ಓಡುವುದೇ ಕಾಣುತ್ತಿರಲಿಲ್ಲ. ಮೊದಲ ವಾರ ಅವಳು ಹೊರಗಿನ ಮೇಜಿನಲ್ಲಿ ಎಕ್ಸ್‌ರೇ ರಿಪೋರ್ಟ್ ಮಾಡಿದಳು. ಮೂರನೆಯ ವಾರ ಡಾಕ್ಟರು, “ಜಯದೇವಿ, ಹೊಸ ಸಿಸ್ಟಂ ಅಲ್ವಾ, ಸ್ವಲ್ಪ ದಿನ ರಂಜಿನಿ ಒಳಗಡೆ ಕೂತ್ಕೊಳ್ಲಿ, ನೀವು ಎಕ್ಸ್‌ರೇ ನೋಡ್ಕೊಳ್ಳಿ” ಎಂದರು. ಸ್ವಲ್ಪ ದಿನ ಎಂದದ್ದು ಆರು ತಿಂಗಳಾಯಿತು.

ಆ ಆರು ತಿಂಗಳಲ್ಲಿ ತಮಗೇನಾಯಿತು ಎಂಬುದನ್ನು ಜಯದೇವಿ ನನ್ನ ಮುಂದೆ ಮುಚ್ಚಿಡಲಿಲ್ಲ. ಹೊರಗಿನ ಮೇಜಿಗೆ ಸ್ಕ್ಯಾನ್ ಕೋಣೆಯ ಬಾಗಿಲು ಎದುರಿಗೇ ಇತ್ತು. ಒಳಗಿನಿಂದ ಡಾಕ್ಟರ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಮ್ಮೊಮ್ಮೆ ಇಬ್ಬರೂ ನಗುವುದು ಕೇಳಿಸುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ತನ್ನ ಜೊತೆ ಡಾಕ್ಟರು ಎಷ್ಟು ಸಲ ನಕ್ಕಿದ್ದರು ಎಂದು ನೆನಪಿಸಿಕೊಳ್ಳಲು ಹೋಗಿ ಸೋಲುತ್ತಿದ್ದರು. ಮೇಜಿನ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಪೆನ್ಸಿಲಿನಿಂದ ಸಣ್ಣ ಗೆರೆಗಳನ್ನು ಎಳೆಯತೊಡಗಿದರು. ಡಾಕ್ಟರು “ರಂಜಿನಿ” ಎಂದು ಕೂಗಿದರೆ ಮೇಲೆ ಒಂದು ಗೆರೆ, “ಜಯದೇವಿ” ಎಂದರೆ ಕೆಳಗೆ ಒಂದು. ಮೇಲೆ ಹದಿನಾಲ್ಕು, ಕೆಳಗೆ ಎರಡು. ಮೇಲೆ ಹನ್ನೊಂದು, ಕೆಳಗೆ ಏನೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಪಂಚಾಕ್ಷರಿಯವರು “ಸಾರು ಸಪ್ಪೆ” ಎಂದರೂ ಸಿಟ್ಟು ರಂಜಿನಿಯ ಮೇಲೇ ಹೋಗುತ್ತಿತ್ತು.

“ಆ ಹುಡ್ಗಿ ಏನಾದ್ರೂ ಅಂದ್ಲಾ ನಿಂಗೆ?” ಎಂದು ಅವರು ಒಮ್ಮೆ ಕೇಳಿದರು.

“ಅನ್ನಲ್ಲ ರೀ. ಅಂದಿದ್ರೆ ಚೆನ್ನಾಗಿರೋದು.”

ಎಲ್ಲಕ್ಕಿಂತ ಚುಚ್ಚುತ್ತಿದ್ದುದು ಅವಳು ಕಂಪ್ಯೂಟರಿಗೆ ಹಾಕುತ್ತಿದ್ದ ಬೀಗ. ಹೊಸ ಸಾಫ್ಟ್‌ವೇರಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಯಾರ ಹೆಸರಿನಲ್ಲಿ ಟೈಪ್ ಆಗಿದೆಯೋ ಅವರ ಹೆಸರು ರಿಪೋರ್ಟಿನ ಕೆಳಗೆ ಬರುತ್ತಿತ್ತು. ಮುಗಿಸಿದ ರಿಪೋರ್ಟನ್ನು ತಿದ್ದಬೇಕಾದರೆ ಒಂದೋ ಟೈಪ್ ಮಾಡಿದವರು ತಿದ್ದಬೇಕು, ಇಲ್ಲವೇ ಡಾಕ್ಟರು. ರಂಜಿನಿ ನೀರು ಕುಡಿಯಲು ಎದ್ದರೂ ಎರಡು ಕೀಲಿ ಒತ್ತಿ ಏಳುತ್ತಿದ್ದಳು. ಪರದೆಯ ಮೇಲಿನ ಅಕ್ಷರಗಳೆಲ್ಲ ಮಾಯವಾಗಿ, ಪಾಸ್‌ವರ್ಡ್ ಕೇಳುವ ಖಾಲಿ ಚೌಕ ಉಳಿಯುತ್ತಿತ್ತು. ಜಯದೇವಿ ಆ ಕೆಲಸ ಎಂದೂ ಮಾಡಿದವರಲ್ಲ. ಅವರ ಪಾಸ್‌ವರ್ಡ್ ಕೀಬೋರ್ಡಿನ ಕೆಳಗೆ ಚೀಟಿಯಲ್ಲಿ ಅಂಟಿಸಿತ್ತು.

“ಇಲ್ಲಿರೋದೇ ಮೂರು ಮತ್ತೊಂದು ಜನ. ಯಾರಿಗೆ ಕಣೇ ಬೀಗ?” ಎಂದು ಒಂದು ದಿನ ಕೇಳಿಯೇಬಿಟ್ಟರು.

“ಅಯ್ಯೋ ಯಾರಿಗೂ ಅಲ್ಲ ಆಂಟಿ. ಕಾಲೇಜಲ್ಲಿ ಹೇಳ್ಕೊಟ್ಟಿದ್ರು. ಅಭ್ಯಾಸ ಆಗ್ಬಿಟ್ಟಿದೆ. ನೀವೂ ಮಾಡಿ, ಒಳ್ಳೇದು.”

ಕಲಿಸಲು ಬಂದಳಲ್ಲ ಎಂದುಕೊಂಡರು ಜಯದೇವಿ. ಅವತ್ತಿನಿಂದ ಅವಳು ಕೀಲಿ ಒತ್ತಿದ ಸಣ್ಣ ಸದ್ದು ಬಾಗಿಲಾಚೆಯಿಂದಲೂ ಅವರಿಗೆ ಕೇಳಿಸುತ್ತಿತ್ತು.

ಆ ವರ್ಷದ ಫಾಲ್ಗುಣದಲ್ಲಿ ಒಂದು ಬುಧವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೆಂಗೇರಿಯ ದೊಡ್ಡಹನುಮಯ್ಯ ಎನ್ನುವವರು ಕಿಡ್ನಿ ಸ್ಕ್ಯಾನಿಗೆ ಬಂದಿದ್ದರು. ಅರವತ್ತು ದಾಟಿದ ಮನುಷ್ಯ, ಕೆಂಗೇರಿಯ ಹಳೇ ಊರಿನಲ್ಲಿ ಹೂವಿನ ವ್ಯಾಪಾರ. ಬಲಗಡೆ ಕಿಡ್ನಿಯಲ್ಲಿ ಕಲ್ಲು. ಕೆಂಗೇರಿ ಉಪನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಮಾರನೆಯ ದಿನವೇ ಆಪರೇಷನ್ ಎಂದು ನಿಶ್ಚಯವಾಗಿತ್ತು. ಅದಕ್ಕೆ ಮುಂಚೆ ಇನ್ನೊಂದು ಸ್ಕ್ಯಾನ್ ಬೇಕೆಂದು ಕಳಿಸಿದ್ದರು. ಸ್ಕ್ಯಾನ್ ಮುಗಿಸಿ ಡಾಕ್ಟರು ಕಾಫಿಗೆಂದು ಮಹಡಿಗೆ ಹೋದರು. ರಂಜಿನಿ ರಿಪೋರ್ಟ್ ಟೈಪ್ ಮಾಡಿ, ಒಮ್ಮೆ ಓದಿ ಮುಗಿಸಿದ್ದಳು. ಜಯದೇವಿ ಎಕ್ಸ್‌ರೇ ಫಿಲಂಗಳನ್ನು ಸಹಿಗೆಂದು ಒಳಗೆ ತಂದಿಡುತ್ತಿದ್ದರು.

ಅಷ್ಟರಲ್ಲಿ ಹೊರಗೆ ಧೊಪ್ಪೆಂದು ಸದ್ದಾಯಿತು. ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಗೆ ಕಾದು ಕೂತಿದ್ದ ಹೆಂಗಸೊಬ್ಬರು ತಲೆ ಸುತ್ತಿ ಬಿದ್ದಿದ್ದರು. ರಂಜಿನಿ ಕುರ್ಚಿ ತಳ್ಳಿ ಎದ್ದು ಓಡಿದಳು. ಕೀಲಿ ಒತ್ತಲಿಲ್ಲ.

ಜಯದೇವಿ ಓಡಲಿಲ್ಲ. ಆ ಮಬ್ಬು ಕೋಣೆಯಲ್ಲಿ ಪರದೆ ಬೆಳ್ಳಗೆ ತೆರೆದುಕೊಂಡಿತ್ತು. ಹೊರಗೆ “ನೀರು ತನ್ನಿ, ನೀರು” ಎಂದು ರಂಜಿನಿ ಕೂಗುವುದು ಕೇಳುತ್ತಿತ್ತು. ಅವರು ತಮ್ಮ ಹಳೆಯ ಕುರ್ಚಿಯಲ್ಲಿ ಕುಳಿತರು. ಅದರ ಎತ್ತರವನ್ನು ಅವಳು ತನಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿದ್ದಳು. ಕಾಲು ನೆಲಕ್ಕೆ ಸರಿಯಾಗಿ ತಾಗಲಿಲ್ಲ. ಅದಕ್ಕೂ ಹೊಟ್ಟೆಯೊಳಗೆ ಬೆಂಕಿ ಹತ್ತಿತು ಎಂದು ಅವರೇ ಹೇಳಿದರು.

ಎದುರಿಗೆ ದೊಡ್ಡಹನುಮಯ್ಯನವರ ರಿಪೋರ್ಟ್ ಇತ್ತು. ಇಂಗ್ಲಿಷಿನಲ್ಲಿ ಒಂದು ಪುಟ, ಕೊನೆಯಲ್ಲಿ ತಾತ್ಪರ್ಯದ ಒಂದು ಸಾಲು. ಆ ಸಾಲಿನಲ್ಲಿ ರೈಟ್ ಎಂದಿದ್ದುದನ್ನು ಜಯದೇವಿ ಅಳಿಸಿ ಲೆಫ್ಟ್ ಎಂದು ಮಾಡಿದರು. ಮೇಲಿನ ಭಾಗವನ್ನು ಮುಟ್ಟಲಿಲ್ಲ. ಅವರ ಲೆಕ್ಕ ಇಷ್ಟೇ ಇತ್ತು: ಡಾಕ್ಟರು ಪೆನ್ನಿನ ತುದಿ ಓಡಿಸಿ ಓದುತ್ತಾರೆ, ಕೊನೆಯ ಸಾಲಿಗೆ ಬಂದು ನಿಲ್ಲುತ್ತಾರೆ, ಮೇಲೆ ಬಲ ಎಂದಿದೆ, ಕೆಳಗೆ ಎಡ ಎಂದಿದೆ, ಏನಮ್ಮಾ ಇದು ಎಂದು ಬೈಯುತ್ತಾರೆ. ಒಂದು ಸಲ ಬೈದರೆ ಸಾಕು. ಬಾಗಿಲಾಚೆ ಕೂತು ಅದನ್ನೊಂದು ಕೇಳಬೇಕಾಗಿತ್ತು. ರೋಗಿಗೆ ತೊಂದರೆಯಾಗಬಹುದು ಎಂಬ ಯೋಚನೆ ಆ ಗಳಿಗೆಯಲ್ಲಿ ಬರಲೇ ಇಲ್ಲ ಎಂದರು. “ದೊಡ್ಡಹನುಮಯ್ಯ ಅನ್ನೋ ಮನುಷ್ಯ ಅಲ್ಲಿರ್ಲೇ ಇಲ್ಲ ನಂಗೆ. ಅವಳೊಬ್ಳೇ ಇದ್ದದ್ದು.”

ಅವರು ಹೊರಗೆ ಬಂದು ತಮ್ಮ ಮೇಜಿನಲ್ಲಿ ಕುಳಿತರು. ಬಿದ್ದ ಹೆಂಗಸಿಗೆ ಗ್ಲೂಕೋಸ್ ಕುಡಿಸಿ, ಗೋಡೆ ಪಕ್ಕದ ಬೆಂಚಿನ ಮೇಲೆ ಮಲಗಿಸಿ ರಂಜಿನಿ ಒಳಗೆ ಹೋದಳು. ಆಗಲೇ ಓದಿ ಮುಗಿಸಿದ್ದ ರಿಪೋರ್ಟಲ್ಲವೇ, ಮತ್ತೆ ನೋಡದೆ ಪ್ರಿಂಟ್ ಕೊಟ್ಟಳು. ಡಾಕ್ಟರು ಮಹಡಿಯಿಂದ ಇಳಿದು ಬಂದರು. ಪ್ರಿಂಟರ್ ಇದ್ದದ್ದು ಜಯದೇವಿಯ ಮೇಜಿನ ಪಕ್ಕದಲ್ಲೇ. ಡಾಕ್ಟರು ಅಲ್ಲೇ ನಿಂತು ಹಾಳೆ ಎತ್ತಿಕೊಂಡರು. ಜಯದೇವಿ ಪೆನ್ನಿನ ತುದಿಯನ್ನೇ ನೋಡಿದರು.

“ರಂಜಿನಿ ಮಾಡಿರೋದಲ್ವಾ?” ಎಂದರು ಡಾಕ್ಟರು.

“ಹೌದು ಸಾರ್,” ಎಂದಳು ರಂಜಿನಿ ಒಳಗಿನಿಂದ.

ಪೆನ್ನು ನೇರವಾಗಿ ಹಾಳೆಯ ತಳಕ್ಕೆ ಹೋಯಿತು. ಸಹಿ ಬಿತ್ತು. ಹಾಳೆ ಲಕೋಟೆ ಸೇರಿತು, ಲಕೋಟೆ ದೊಡ್ಡಹನುಮಯ್ಯನವರ ಕೈ ಸೇರಿತು. ಅವರು ಎಲ್ಲರಿಗೂ ಕೈಮುಗಿದು ಮೆಟ್ಟಿಲಿಳಿದು ಹೋದರು.

ಜಯದೇವಿಗೆ ಮೊದಲು ಹುಟ್ಟಿದ್ದು ಭಯವಲ್ಲ. ಹತ್ತೊಂಬತ್ತು ವರ್ಷ ನನ್ನದನ್ನು ಸಾಲು ಸಾಲಾಗಿ ಓದಿದರು, ಇವಳದನ್ನು ಓದಲೂ ಇಲ್ಲವಲ್ಲ. ಅಂದರೆ ಓದುತ್ತಿದ್ದದ್ದು ಮರ್ಯಾದೆಯಲ್ಲ, ಅನುಮಾನ. ಆ ಯೋಚನೆಯಲ್ಲೇ ಹತ್ತು ನಿಮಿಷ ಕಳೆದುಹೋಯಿತು. ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಎದುರಿನ ಬೆಂಚು ಖಾಲಿಯಿತ್ತು. ಅಲ್ಲಿ ಮುಂಚೆ ದೊಡ್ಡಹನುಮಯ್ಯ ಬಲಗಡೆ ಸೊಂಟ ಹಿಡಿದುಕೊಂಡು ಕೂತಿದ್ದುದು ಆಗ ನೆನಪಾಯಿತು.

ಕೆಳಗೆ ಓಡಿ ಬೀದಿಯ ಎರಡೂ ಕಡೆ ನೋಡಿದರು. ಎಲ್ಲೂ ಕಾಣಲಿಲ್ಲ. ಮೇಲೆ ಬಂದು ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಎತ್ತಿದ್ದು ಅವರ ಮಗ.

“ಅಪ್ಪ ಫೋನ್ ಇಟ್ಕೊಳ್ಳಲ್ಲ ಮೇಡಂ. ನಾನು ಬಿಡದೀಲಿ ಡ್ಯೂಟೀಲಿದೀನಿ. ಸ್ಕ್ಯಾನ್ ಇಸ್ಕೊಂಡು ಸೀದಾ ನರ್ಸಿಂಗ್ ಹೋಮ್‌ಗೆ ಹೋಗಿ ಅಡ್ಮಿಟ್ ಆಗ್ತಾರೆ. ಯಾಕೆ ಮೇಡಂ, ಏನಾದ್ರೂ ಜಾಸ್ತಿ ಇದ್ಯಾ?”

“ಇಲ್ಲಪ್ಪ, ಏನಿಲ್ಲ. ಒಂದು ಪೇಪರ್ ಬಿಟ್ಟೋಗಿದೆ,” ಎಂದು ಇಟ್ಟರು.

ಸರಿಯಾದ ಇನ್ನೊಂದು ಪ್ರಿಂಟ್ ತೆಗೆದು ಹೇಗಾದರೂ ತಲುಪಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡರು. ಡಾಕ್ಟರು ಆಗ ಫೋನಿನಲ್ಲಿದ್ದರು, ರಂಜಿನಿ ಬಿದ್ದ ಹೆಂಗಸಿನ ಹತ್ತಿರ ಇದ್ದಳು. ಜಯದೇವಿ ಸ್ಕ್ಯಾನ್ ಕೋಣೆಗೆ ನುಗ್ಗಿದರು. ಪರದೆಯ ಮೇಲೆ ಖಾಲಿ ಚೌಕವಿತ್ತು. ಈ ಸಲ ಅವಳು ಮರೆತಿರಲಿಲ್ಲ.

ಅವಳ ಹೆಸರು ಹಾಕಿ ನೋಡಿದರು. ಕೆಂಗೇರಿ ಎಂದು ಹಾಕಿ ನೋಡಿದರು. ಅವಳ ಅಮ್ಮನ ಹೆಸರು ನರಸಮ್ಮ ಎಂದು ಗೊತ್ತಿತ್ತು, ಅದನ್ನೂ ಹಾಕಿದರು. ಪ್ರತಿ ಸಲವೂ ತಪ್ಪು ಎಂದಿತು. ಅರ್ಧ ಗಂಟೆಯ ಹಿಂದೆ ಆ ಬೀಗ ಇದ್ದಿದ್ದರೆ, ಈಗ ಇಲ್ಲದಿದ್ದರೆ ಎಂದು ಹಲುಬುತ್ತಾ ನಾಲ್ಕನೆಯ ಸಲ ಕೀಲಿ ಒತ್ತುವಾಗ ಬಾಗಿಲಲ್ಲಿ ರಂಜಿನಿ ನಿಂತಿದ್ದಳು.

“ಆಂಟಿ, ನನ್ ಸಿಸ್ಟಂ ಹತ್ರ ಏನ್ ಮಾಡ್ತಿದೀರಾ?”

ಜಯದೇವಿಗೆ ಸುಳ್ಳು ಹೊಳೆಯಲಿಲ್ಲ. “ಬೀಗ ತೆಗಿಯೇ. ಬೇಗ ತೆಗಿ. ಹನುಮಯ್ಯಂದು ತಪ್ಪಾಗಿದೆ.”

“ತಪ್ಪಾ? ನಾನು ನೋಡಿದ್ದೆ ಆಂಟಿ, ಸರಿಯಾಗೇ ಇತ್ತು.”

“ಸರಿಯಾಗೇ ಇತ್ತು. ನಾನು ಬದಲಾಯ್ಸಿದೆ. ನೀನು ಎದ್ದೋದಾಗ.”

ರಂಜಿನಿ ಪಕ್ಕಕ್ಕೆ ಬಂದು, ಜಯದೇವಿ ಕುರ್ಚಿಯಲ್ಲಿ ಕೂತಿದ್ದಂತೆಯೇ ಅವರ ಮೇಲಿಂದ ಬಗ್ಗಿ, ಪಾಸ್‌ವರ್ಡ್ ಹಾಕಿದಳು. ರಿಪೋರ್ಟ್ ತೆರೆದು ಕೊನೆಯ ಸಾಲು ಓದಿದಳು. “ದೇವ್ರೇ, ನಾಳೆ ಆಪರೇಷನ್ ಅವ್ರಿಗೆ,” ಎಂದಳು. ಲೆಫ್ಟ್ ಅಳಿಸಿ ರೈಟ್ ಮಾಡಿದಳು, ಪ್ರಿಂಟ್ ಕೊಟ್ಟಳು. ಹಾಳೆ ಹಿಡಿದು ಡಾಕ್ಟರ ಕೋಣೆಗೆ ಹೋದಳು. ಜಯದೇವಿ ಹಿಂದೆಯೇ ಹೋದರು.

“ಸಾರ್, ಇದಕ್ಕೆ ಇನ್ನೊಂದ್ಸಲ ಸೈನ್ ಬೇಕು,” ಎಂದಳು ರಂಜಿನಿ. “ಮೊದಲ್ನೇದ್ರಲ್ಲಿ ಸೈಡ್ ತಪ್ಪಾಗಿತ್ತು.”

ಡಾಕ್ಟರು ಫೋನ್ ಕೆಳಗಿಟ್ಟರು. “ಸೈಡ್ ತಪ್ಪಾ? ಅದು ಹೇಗಾಯ್ತು?”

“ಸಿಸ್ಟಂ ಲಾಕ್ ಮಾಡ್ದೆ ಎದ್ದೋಗಿದ್ದೆ ಸಾರ್. ತಪ್ಪು ನಂದೇ.”

ಅವಳು ಅಷ್ಟಕ್ಕೇ ನಿಲ್ಲಿಸಿದಳು. ಜಯದೇವಿಯ ಹೆಸರೆತ್ತಲಿಲ್ಲ. ಡಾಕ್ಟರು ಅವಳನ್ನು ನೋಡುತ್ತಿದ್ದ ನೋಟದಲ್ಲಿ ಕೋಪವಿತ್ತು, ಆದರೆ ಅದರ ಜೊತೆಗೆ ಪರವಾಗಿಲ್ಲ ಎನ್ನುವ ಮೃದುತನವೂ ಇತ್ತು. ಅದನ್ನು ನೋಡಿ ಜಯದೇವಿಯ ಎದೆ ಮತ್ತೆ ಉರಿಯಿತು. ಆ ಕೋಣೆ ಸಿಕ್ಕಿತು, ಕುರ್ಚಿ ಸಿಕ್ಕಿತು, ಓದದೆ ಹಾಕಿದ ಸಹಿ ಸಿಕ್ಕಿತು, ಈಗ ಮಾಡದ ತಪ್ಪನ್ನು ಹೊತ್ತುಕೊಂಡ ದೊಡ್ಡತನವೂ ಇವಳಿಗೇ ಸಿಗಬೇಕೆ?

“ಅವಳಲ್ಲ ಸಾರ್,” ಎಂದರು. “ಬದಲಾಯ್ಸಿದ್ದು ನಾನು. ಬೇಕೂಂತಲೇ ಮಾಡಿದೆ.”

ಪಶ್ಚಾತ್ತಾಪದಿಂದ ಒಪ್ಪಿಕೊಂಡೆ ಎಂದು ಅವರು ನನ್ನ ಹತ್ತಿರ ಹೇಳಬಹುದಿತ್ತು. ಹಾಗೆ ಹೇಳಲಿಲ್ಲ. “ಹೊಟ್ಟೆಕಿಚ್ಚಿಂದ ಮಾಡಿದೆ, ಹೊಟ್ಟೆಕಿಚ್ಚಿಂದಲೇ ಒಪ್ಕೊಂಡೆ,” ಎಂದರು.

ಡಾಕ್ಟರು ಹೊಸ ಹಾಳೆಯನ್ನು ಎಳೆದುಕೊಂಡು, ಪೆನ್ನಿನ ತುದಿ ಹಿಡಿದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಸಹಿ ಹಾಕಿದರು. ನರ್ಸಿಂಗ್ ಹೋಮಿಗೆ ತಾವೇ ಫೋನ್ ಮಾಡಿ, ತಪ್ಪು ರಿಪೋರ್ಟ್ ಬರುತ್ತಿದೆ, ನೋಡಬೇಡಿ ಎಂದು ಹೇಳಿದರು. ಸರ್ಜನ್ ಇನ್ನೂ ಬಂದಿರಲಿಲ್ಲ, ಫೋನ್ ಎತ್ತಿದವರು “ಹೇಳ್ತೀನಿ ಸಾರ್” ಎಂದಷ್ಟೇ ಹೇಳಿದರು.

“ನಾನು ಹೋಗಿ ಕೊಟ್ಟು ಬರ್ತೀನಿ,” ಎಂದರು ಜಯದೇವಿ.

“ಹೋಗಿ,” ಎಂದರು ಡಾಕ್ಟರು. ಮುಖ ನೋಡಲಿಲ್ಲ.

ವಿಜಯನಗರದಲ್ಲಿ ಮೆಟ್ರೊ ಹತ್ತಿದರು. ಕೂರಲು ಜಾಗವಿದ್ದರೂ ಬಾಗಿಲ ಬಳಿಯೇ ನಿಂತಿದ್ದರು. ಲಕೋಟೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು. ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಜ್ಞಾನಭಾರತಿ ಎಂದು ಒಂದೊಂದು ನಿಲ್ದಾಣವನ್ನು ಕೂಗುವಾಗಲೂ, ಇಷ್ಟು ಹೊತ್ತಿಗೆ ಸರ್ಜನ್ ಬಂದಿರಬಹುದು, ಕೊನೆಯ ಸಾಲು ಮಾತ್ರ ಓದಿರಬಹುದು ಎಂದು ಹೆದರುತ್ತಿದ್ದರು. ಆಪರೇಷನ್ ನಾಳೆ ಎಂದು ಬುದ್ಧಿಗೆ ಗೊತ್ತಿದ್ದರೂ ಕಾಲು ಕೇಳುತ್ತಿರಲಿಲ್ಲ. ಕೆಂಗೇರಿಯಲ್ಲಿ ಇಳಿದು ಆಟೊ ಹಿಡಿದು ಓಡಿದರು.

ದೊಡ್ಡಹನುಮಯ್ಯ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಲಕೋಟೆ ಹಿಡಿದು ಕೂತಿದ್ದರು. ಇನ್ನೂ ಯಾರೂ ಅದನ್ನು ತೆರೆದಿರಲಿಲ್ಲ.

“ಇದೇನಮ್ಮಾ, ಇಷ್ಟ್ ದೂರ ಬಂದ್ರಾ?”

“ಆ ಪೇಪರ್ ತಪ್ಪಿದೆ ಅಣ್ಣ. ಇದು ಸರಿಯಾದ್ದು. ಅದನ್ನ ನಂಗೆ ಕೊಟ್ಬಿಡಿ.”

“ಒಂದ್ ಕಾಗ್ದಕ್ಕೆ ಬಿಸ್ಲಲ್ಲಿ ಬಂದ್ರಲ್ಲ. ಇಂಥೋರು ಎಲ್ಲವ್ರೆ ಈಗಿನ ಕಾಲ್ದಲ್ಲಿ! ಕೂತ್ಕಳಿ, ನೀರ್ ಕುಡೀರಿ.”

ಜಯದೇವಿಗೆ ಆ ಮಾತು ತಡೆಯಲಾಗಲಿಲ್ಲ. “ಹೊಗಳ್ಬೇಡಿ ಅಣ್ಣ. ಬಲಗಡೆ ಅನ್ನೋದನ್ನ ಎಡಗಡೆ ಅಂತ ಮಾಡಿದ್ದೇ ನಾನು.”

ದೊಡ್ಡಹನುಮಯ್ಯನವರಿಗೆ ಅದು ಕೈತಪ್ಪು ಎಂದೇ ಅರ್ಥವಾಯಿತು. ಬಲಗಡೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕರು. “ನೋಯೋ ಕಡೆ ನಂಗೊತ್ತಿಲ್ವಾ ತಾಯಿ? ಡಾಕ್ಟ್ರು ಎಡಕ್ಕೆ ಬಂದಿದ್ರೆ ಎದ್ದೇ ಓಡ್ತಿದ್ದೆ.” ಬಿಡಿಸಿ ಹೇಳಲು ಜಯದೇವಿ ಬಾಯಿ ತೆರೆದರು. ಅಷ್ಟರಲ್ಲಿ ನರ್ಸ್ ದೊಡ್ಡಹನುಮಯ್ಯನವರ ಹೆಸರು ಕರೆದಳು. ಹಳೆಯ ಲಕೋಟೆಯನ್ನು ಜಯದೇವಿಯ ಕೈಗಿಟ್ಟು, ಹೊಸದನ್ನು ಹಿಡಿದು ಅವರು ಒಳಗೆ ಹೋದರು. ಮಾರನೆಯ ದಿನ ಬಲಗಡೆಯ ಕಲ್ಲನ್ನೇ ತೆಗೆದರು. ವಾರದ ಮೇಲೆ ಜಯದೇವಿ ಮಗನಿಗೆ ಫೋನ್ ಮಾಡಿ ವಿಚಾರಿಸಿದಾಗ ದೊಡ್ಡಹನುಮಯ್ಯ ಆಗಲೇ ಅಂಗಡಿಯಲ್ಲಿ ಕೂತಿದ್ದರಂತೆ.

ಡಾಕ್ಟರು ಜಯದೇವಿಯನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ರಿಪೋರ್ಟ್ ಮುಟ್ಟಬಾರದು ಎಂದರು. ಹದಿನೈದು ದಿನ ಮನೆಯಲ್ಲಿರಲು ಹೇಳಿ, ಆಮೇಲೆ ಬಂದವರ ಹೆಸರು ಬರೆದುಕೊಳ್ಳುವ ಮುಂಭಾಗದ ಮೇಜಿಗೆ ಹಾಕಿದರು. ಆ ಹದಿನೈದು ದಿನದಲ್ಲೇ ಒಂದು ಮಧ್ಯಾಹ್ನ ಅವರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಇದುವರೆಗಿನದನ್ನೆಲ್ಲ ಹೇಳಿದ್ದು; ಮುಂದಿನದನ್ನು ಹೇಳಿದ್ದು ಆಮೇಲೆ. ಪಂಚಾಕ್ಷರಿಯವರಿಗೆ ಅದಕ್ಕೂ ಮುಂಚೆ ಹೇಳಿದ್ದರಂತೆ. ಅವರು ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ, “ನಾನೂ ಮೇಷ್ಟ್ರಾಗಿದ್ದಾಗ ಒಬ್ಬನ ಮೇಲೆ ಹೀಗೇ ಉರೀತಿದ್ದೆ. ಏನೂ ಮಾಡ್ಲಿಲ್ಲ, ಅಷ್ಟೇ,” ಎಂದರಂತೆ.

ರಂಜಿನಿ ನಾಲ್ಕು ತಿಂಗಳು ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಆಷಾಢದ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಜಯದೇವಿ ಅವಳ ಎದುರು ಹೋಗಿ ಕುಳಿತರು.

“ನನ್ನ ಕ್ಷಮಿಸ್ತೀಯೇನೇ?”

ಅವಳು ತುತ್ತು ಕೆಳಗಿಟ್ಟಳು. “ಆಯ್ತು ಅಂದ್ರೆ ಸುಳ್ಳಾಗುತ್ತೆ ಆಂಟಿ. ಆ ಅಜ್ಜಂಗೆ ಏನಾದ್ರೂ ಆಗಿದ್ರೆ ಅದು ನನ್ ಹೆಸ್ರಲ್ಲಿ ಇರೋದು. ಅದು ನೆನಪಾದ್ರೆ ಈಗ್ಲೂ ಕೈ ತಣ್ಣಗಾಗುತ್ತೆ. ಆದ್ರೆ ಬೆಳಿಗ್ಗೆ ನಿಮ್ ಮುಖ ನೋಡಿದ್ರೆ ಮೊದ್ಲಿನಷ್ಟು ಕೋಪ ಬರಲ್ಲ.”

“ನಂಗೆ ಇನ್ನೂ ಬರುತ್ತೆ ಕಣೇ, ನಿನ್ನ ಆ ಕೋಣೇಲಿ ನೋಡಿದ್ರೆ,” ಎಂದರು ಜಯದೇವಿ. ಹೇಳಿಬಿಟ್ಟ ಮೇಲೆ ಅವರಿಗೇ ಗಾಬರಿಯಾಯಿತು.

ರಂಜಿನಿ ಅವರನ್ನೇ ನೋಡಿದಳು. ನಗಲಿಲ್ಲ, ಎದ್ದೂ ಹೋಗಲಿಲ್ಲ. “ಹೇಳಿದ್ರಲ್ಲ, ಅದೇ ವಾಸಿ,” ಎಂದು ತನ್ನ ಡಬ್ಬಿಯಿಂದ ಅರ್ಧ ಚಪಾತಿ ಮುರಿದು ಅವರ ಡಬ್ಬಿಯ ಮುಚ್ಚಳದ ಮೇಲಿಟ್ಟಳು. ಇಬ್ಬರೂ ಊಟ ಮುಗಿಸಿದರು. ಎರಡು ಗಂಟೆಗೆ ಮುಂದಿನ ರೋಗಿ ಬಂದಾಗ ಜಯದೇವಿ ಮುಂಭಾಗದ ಮೇಜಿಗೆ ಹೋಗಿ, ಹೆಸರೇನಮ್ಮ ಎಂದು ಕೇಳಿ ಬರೆದುಕೊಂಡರು.